ಇನ್ನೂ ಮಾನ್ಯವಾಗದ ಸಹಿ

ರಕ್ತನಿಧಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಚೀಟಿಯಕ್ಕ. ಸೇರಿದ ಹೊಸದರಲ್ಲಿ ಅವಳನ್ನು ಚೀಟಿ ವಿಭಾಗಕ್ಕೆ ಹಾಕಿದ್ದರು. ರಕ್ತದ ಚೀಲಕ್ಕೆ ಅಂಟಿಸಿದ ಚೀಟಿಯಲ್ಲಿ ಗುಂಪು, ತಾರೀಖು, ಸಮಯ, ತೆಗೆದವರ ಸಹಿ ನಾಲ್ಕೂ ಇವೆಯೇ ಎಂದು ನೋಡಬೇಕು. ಇದ್ದರೆ ಚೀಲ ಬಲಗಡೆಯ ತಟ್ಟೆಗೆ, ಒಂದು ಇಲ್ಲದಿದ್ದರೂ ಎಡಗಡೆಯ ತಟ್ಟೆಗೆ. ಹತ್ತೊಂಬತ್ತು ವರ್ಷ ಅವಳು ಬಲಗಡೆ, ಎಡಗಡೆ ಮಾಡಿದಳು. ಒಂದು ಸಲ ದೊಡ್ಡ ಡಾಕ್ಟರು ತಾವೇ ತಂದುಕೊಟ್ಟ ಚೀಲವನ್ನು ಅವರ ಕಣ್ಣೆದುರೇ ಎಡಗಡೆಗೆ ಇಟ್ಟಿದ್ದಳು.

"ನಾನೇ ತೆಗೆದದ್ದಮ್ಮ. ಈ ಕೈಯಲ್ಲೇ," ಎಂದು ಡಾಕ್ಟರು ಕೈ ತೋರಿಸಿದರು.

"ನನಗೆ ಗೊತ್ತು ಸರ್. ಚೀಟಿಗೆ ಗೊತ್ತಿಲ್ಲ," ಎಂದಳು ಅವಳು.

ಡಾಕ್ಟರು ಸಹಿ ಹಾಕಿ, ಚೀಲವನ್ನು ತಾವೇ ಬಲಗಡೆಗೆ ಎತ್ತಿಟ್ಟು ಹೋದರು. ಹೆಸರು ಅಂಟಿಕೊಂಡದ್ದು ಅಂದಿನಿಂದ.

ಮನೆಯಲ್ಲೂ ಅದೇ ಪಾಡು. ಉಪ್ಪಿನ ಡಬ್ಬಿಗೆ ಚೀಟಿ, ಸಕ್ಕರೆ ಡಬ್ಬಿಗೆ ಚೀಟಿ, ತಂದ ತಾರೀಖು, ತೆರೆದ ತಾರೀಖು. ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಪದವೊಂದು ಕಣ್ಣಿಗೆ ಬಿದ್ದರೆ ಓದದೆ ಬಿಡುವ ಜಾತಿಯವನಲ್ಲ. ಹಾಗಾಗಿ ಅಡುಗೆಮನೆಗೆ ಹೋದರೆ ಹಿಂದಿರುಗುವುದು ತಡವಾಗುತ್ತಿತ್ತು.

"ನನ್ನ ಬೆನ್ನಿಗೂ ಒಂದು ಅಂಟಿಸ್ಬಿಡೇ. ಯಾವತ್ತು ಕೆಡ್ತೀನಿ ಅಂತ ನನಗೂ ಗೊತ್ತಾಗ್ಲಿ."

"ನಿಮ್ಮ ತಾರೀಖು ಮುಗಿದು ಎಷ್ಟೋ ಕಾಲ ಆಯ್ತು ರೀ. ಎಡಗಡೆ ತಟ್ಟೇಲಿ ಜಾಗ ಇಲ್ಲ ಅಂತ ಇಟ್ಕೊಂಡಿದ್ದೀನಿ."

ರಕ್ತನಿಧಿಗೆ ಇಪ್ಪತ್ತು ಕಂಪ್ಯೂಟರುಗಳು ಬಂದಾಗ ಅವುಗಳನ್ನು ನೋಡಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಎಲ್ಲದರಲ್ಲೂ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದರು. ಹಾಕಿದವರು ಒಂದು ದಪ್ಪ ಪುಸ್ತಕ ಕೊಟ್ಟು ಹೋದವರು ಮತ್ತೆ ಫೋನಿಗೂ ಸಿಗಲಿಲ್ಲ. ಪುಸ್ತಕ ಮೂರು ತಿಂಗಳು ಕಿಟಕಿ ಬಡಿಯದಂತೆ ತಡೆಯಲು ನಿಂತಿತ್ತು. ಒಂದು ಮಧ್ಯಾಹ್ನ ಚೀಲಗಳು ಬರುವುದು ತಡವಾಯಿತೆಂದು ಚೀಟಿಯಕ್ಕ ಅದನ್ನು ತೆಗೆದು ನಡುವೆ ಎಲ್ಲೋ ತೆರೆದಳು. ಕಿಟಕಿ ಬಡಿಯತೊಡಗಿತು. ಅವಳು ಓದತೊಡಗಿದಳು.

ತೆರೆದ ಪುಟದಲ್ಲಿದ್ದದ್ದು ಪ್ಯಾಕೇಜುಗಳ ವಿಷಯ. ಈ ಯಂತ್ರಗಳಿಗೆ ಬೇಕಾದ ತಂತ್ರಾಂಶವೆಲ್ಲ ಪೊಟ್ಟಣ ಪೊಟ್ಟಣವಾಗಿ ಒಂದು ಉಗ್ರಾಣದಿಂದ ಬರುತ್ತದಂತೆ. ಉಗ್ರಾಣದವರು ಪೊಟ್ಟಣಗಳದೊಂದು ಪಟ್ಟಿ ಮಾಡಿ, ತಾರೀಖು ಮತ್ತು ಸಮಯ ಬರೆದು, ಕೆಳಗೆ ಸಹಿ ಹಾಕುತ್ತಾರಂತೆ. ಆ ಸಹಿಯ ಮಾದರಿ ನಮ್ಮ ಯಂತ್ರದಲ್ಲಿ ಮೊದಲೇ ಇರುತ್ತದೆ, ಅದಕ್ಕೆ ಕೀಲಿ ಎಂದು ಹೆಸರು. ಪಟ್ಟಿ ಬಂದ ಕೂಡಲೇ ಯಂತ್ರ ಸಹಿಯನ್ನು ಮಾದರಿಗೆ ಹಿಡಿದು ನೋಡುತ್ತದೆ. ಹೊಂದಿದರೆ ಒಳಕ್ಕೆ, ಹೊಂದದಿದ್ದರೆ ಬಾಗಿಲ ಹೊರಗೆ. ಚೀಟಿಯಕ್ಕ ಆ ಪುಟವನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡಳು. ಇಷ್ಟು ವರ್ಷ ತಾನು ಮಾಡಿದ ಕೆಲಸವನ್ನು ಯಾರೋ ಎಲ್ಲೋ ಕುಳಿತು ಯಂತ್ರಕ್ಕೂ ಹೇಳಿಕೊಟ್ಟಿದ್ದಾರೆ. ದೇವರು ಒಂದೇ ಬುದ್ಧಿಯನ್ನು ಎಷ್ಟೊಂದು ಕಡೆ ಇಟ್ಟಿರುತ್ತಾನೆ ಎಂದುಕೊಂಡಳು.

ವರ್ಷ ತುಂಬುವುದರೊಳಗೆ ಇಪ್ಪತ್ತು ಯಂತ್ರಗಳೂ ಅವಳ ಸುಪರ್ದಿಗೆ ಬಂದವು. ಚೀಟಿ ವಿಭಾಗದ ಪಕ್ಕದ ಕೋಣೆ, ಒಂದು ಮೇಜು, ತಿರುಗುವ ಕುರ್ಚಿ. ಸೆಟ್ಟಿಂಗ್ಸ್ ಕಡತವನ್ನು ಅವಳು ಸಾಲು ಸಾಲಾಗಿ ತಿದ್ದಿದಳು. ಒಂದೊಂದು ಸಾಲಿನ ಕೊನೆಗೂ ಅರ್ಧವಿರಾಮ ಬೇಕು, ಇಲ್ಲದಿದ್ದರೆ ಸಾಲು ಮುಗಿದದ್ದೇ ಯಂತ್ರಕ್ಕೆ ತಿಳಿಯುವುದಿಲ್ಲ. ಸಹಿ ಇಲ್ಲದ ಪಟ್ಟಿಯನ್ನು ತೆಗೆದುಕೊಳ್ಳಬೇಡ. ಹಳೆಯ ಪಟ್ಟಿಯನ್ನು ಹೊಸದೆಂದು ಕೊಟ್ಟರೆ ನಂಬಬೇಡ. ಒಂದು ಉಗ್ರಾಣದ ಕೀಲಿ ಇನ್ನೊಂದಕ್ಕೆ ಹತ್ತಕೂಡದು. ಡೌನ್‌ಲೋಡ್ ನಿಧಾನವಾಗಿಯೇ ಆಗಲಿ, ರಕ್ತ ಕೊಡಲು ಬಂದವರ ಹೆಸರು ಬರೆಯುವುದು ನಿಲ್ಲಬಾರದು. ಮೂರು ಸಲ ಕೇಳು, ಸಿಗದಿದ್ದರೆ ಬಿಡು, ಆದರೆ ಬಿಟ್ಟೆ ಎಂದು ಹೇಳು.

ಹೊರಗಿನ ಲೋಕದ ಸಂಪರ್ಕವಿದ್ದದ್ದು ಅವಳ ಮೇಜಿನ ಯಂತ್ರವೊಂದಕ್ಕೇ. ದಿನಾ ಬೆಳಗ್ಗೆ ಎಂಟೂವರೆಗೆ ಅವಳು ಅದರಲ್ಲಿ ಹೊರಗಿನ ಪೊಟ್ಟಣಗಳನ್ನು ಇಳಿಸಿ, ಪರೀಕ್ಷಿಸಿ, ಪಟ್ಟಿ ಮಾಡಿ, ರಕ್ತನಿಧಿಯ ಸ್ವಂತ ಸಹಿ ಹಾಕುತ್ತಿದ್ದಳು. ಉಳಿದ ಯಂತ್ರಗಳಿಗೆ ಅದೇ ಉಗ್ರಾಣ. ಸಿಬ್ಬಂದಿ ಬಂದು ಗುಂಡಿ ಒತ್ತಿದ ಕೂಡಲೇ ಪ್ರತಿ ಯಂತ್ರವೂ ಉಗ್ರಾಣಕ್ಕೆ ಹೋಗಿ ಪಟ್ಟಿ ನೋಡಿ ಬರುತ್ತಿತ್ತು. ಎಲ್ಲ ಸರಿಯಿದ್ದರೆ ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು.

ಆರು ವರ್ಷ ಚುಕ್ಕೆಗಳು ಹಸಿರಾಗಿಯೇ ಇದ್ದವು. ಯಾರೂ ಅವುಗಳನ್ನು ನೋಡಲಿಲ್ಲ.

ಏಳನೆಯ ವರ್ಷ ಹೊಸ ಆಡಳಿತಾಧಿಕಾರಿ ಬಂದರು. ಒಳ್ಳೆಯವರು, ಕೆಲಸಗಾರರು. ಬಣ್ಣಗಳ ಮೇಲೆ ಮಾತ್ರ ಅವರಿಗೆ ಅಪಾರ ವಿಶ್ವಾಸ. ಇಪ್ಪತ್ತು ಚುಕ್ಕೆಗಳೂ ತಮ್ಮ ಪರದೆಯ ಮೇಲೆ ಸಾಲಾಗಿ ಕಾಣುವಂತೆ ಮಾಡಿಸಿಕೊಂಡಿದ್ದರು. ಅವು ಕೆಂಪಾಗಲು ಶುರುವಾದದ್ದು ಆಗಲೇ. ಬೆಳಗ್ಗೆ ಯಂತ್ರ ಹಚ್ಚಿದ ಕೂಡಲೇ ಕೆಂಪು. ಚೀಟಿಯಕ್ಕ ಕೋಣೆಯಿಂದ ಕೋಣೆಗೆ ಓಡಿ, ಯಂತ್ರದ ಮುಂದೆ ಕುಳಿತು, ಮತ್ತೆ ಕೈಯಾರೆ ಪಟ್ಟಿ ತರಿಸಿದರೆ ಹಸಿರು. ಡಾಕ್ಟರ ಮುಖ ಕಂಡೊಡನೆ ಮಾಯವಾಗುವ ಹೊಟ್ಟೆನೋವಿನ ಹಾಗೆ. ವಾರವಿಡೀ ಇದೇ ಆಯಿತು.

ಸೋಮವಾರ ಆಡಳಿತಾಧಿಕಾರಿ ಕರೆಸಿದರು.

"ಏನಮ್ಮ ಇದು, ದಿನಾ ಬೆಳಗಾದ್ರೆ ನನ್ನ ಪರದೆಗೆ ದಡಾರ ಎದ್ದಿರುತ್ತೆ?"

"ಒಂಬತ್ತು ಗಂಟೆಗೆಲ್ಲ ಇಳಿಯುತ್ತೆ ಸರ್."

"ಇಳಿದ್ರೆ ಆಯ್ತಾ? ಏಳೋದ್ಯಾಕೆ?"

"ಅದನ್ನೇ ನೋಡ್ತಿದ್ದೀನಿ ಸರ್."

"ವಾರದಿಂದ ನೋಡ್ತಿದ್ದೀರಿ." ಅವರು ಮೇಜಿನ ಮೇಲಿನ ಕಾಗದವೊಂದನ್ನು ಅವಳ ಕಡೆ ತಿರುಗಿಸಿದರು. ಅದರಲ್ಲಿ ಎರಡು ಸಾಲು ಇದ್ದವು. "ನನ್ನ ಭಾವಮೈದ ಕಂಪ್ಯೂಟರ್ ಲೈನ್‌ನಲ್ಲೇ ಇರೋನು. ಫೋನಲ್ಲಿ ಹೇಳಿದ. ಈ ಎರಡು ಸಾಲು ಹಾಕಿದ್ರೆ ಕೆಂಪು ಅನ್ನೋದೇ ಬರಲ್ವಂತೆ."

ಚೀಟಿಯಕ್ಕ ಓದಿದಳು. ಮೊದಲನೆಯ ಸಾಲಿನ ಅರ್ಥ ಈ ಉಗ್ರಾಣ ನಂಬಿಕಸ್ಥ, ಸಹಿ ನೋಡಬೇಡ ಎಂದು. ಎರಡನೆಯದರ ಅರ್ಥ ಪಟ್ಟಿಯ ಮೇಲಿನ ತಾರೀಖನ್ನೂ ಸಮಯವನ್ನೂ ನೋಡಬೇಡ ಎಂದು.

"ಹೌದು ಸರ್. ಬರಲ್ಲ."

"ಮತ್ತೆ? ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಸರ್. ಕಣ್ಣು ಮುಚ್ಚಿದ್ರೂ ಕೆಂಪು ಕಾಣಲ್ಲ."

ಆಡಳಿತಾಧಿಕಾರಿ ನಗಲಿಲ್ಲ. ಅವಳೂ ನಗಿಸಲೆಂದು ಹೇಳಿದ್ದಲ್ಲ. ಶುಕ್ರವಾರ ತಪಾಸಣೆ ಇದೆ, ಪರವಾನಗಿ ನವೀಕರಣಕ್ಕೆ ಮೇಲಿನಿಂದ ಬರುತ್ತಾರೆ, ಅವರೆದುರು ಪರದೆ ಹೀಗೆ ಕಾಣಕೂಡದು ಎಂದರು. ಗುರುವಾರ ಬೆಳಗ್ಗೆ ಇಪ್ಪತ್ತೂ ಹಸಿರಾಗಿರಬೇಕು. ಇಲ್ಲದಿದ್ದರೆ ಭಾವಮೈದನ ಪರಿಚಯದ ಹೊರಗಿನ ಸಂಸ್ಥೆಯೊಂದು ಯಂತ್ರಗಳನ್ನು ವಹಿಸಿಕೊಳ್ಳಲು ತಯಾರಿದೆ.

"ಆಗ ನಾನು ಸರ್?"

"ಶೀತಲ ಕೋಣೆಯಲ್ಲಿ ತಾಪಮಾನ ಬರೆಯೋಕೆ ಒಬ್ಬರು ಬೇಕಂತಿದ್ದಾರೆ. ಅಲ್ಲೇನೂ ಕೆಂಪು, ಹಸಿರು ಇಲ್ಲ. ನಿಮಗೂ ನೆಮ್ಮದಿ."

ಹೊರಗೆ ಬಂದಾಗ ಸೂಚನಾ ಫಲಕದಲ್ಲಿ ಅವರದೇ ಸಹಿಯ ಇನ್ನೊಂದು ಕಾಗದ ಕಂಡಿತು. ಕಳೆದ ವಾರ ಸಿಬ್ಬಂದಿಯೆಲ್ಲ ಒಂದು ದಿನವೂ ತಪ್ಪದೆ ಸಮಯಕ್ಕೆ ಸರಿಯಾಗಿ ಹಾಜರಾಗಿದ್ದಾರೆ, ಇದು ಹೊಸ ಆಡಳಿತದ ಶಿಸ್ತಿನ ಫಲ, ಎಲ್ಲರಿಗೂ ಮೆಚ್ಚುಗೆ ಎಂದಿತ್ತು. ಅದರ ಕೆಳಗೆ ನಿಂತಿದ್ದ ರಕ್ತ ತೆಗೆಯುವ ವಿಭಾಗದ ಸಿಸ್ಟರು ಚೀಟಿಯಕ್ಕನನ್ನು ಕಂಡು ಕೈಮುಗಿದಳು. ಯಾಕೆಂದು ತಿಳಿಯಲಿಲ್ಲ. ಇವಳೂ ಮುಗಿದಳು.

ಚೀಟಿಯಕ್ಕನ ಅನುಮಾನವೆಲ್ಲ ಕೀಲಿಯ ಮೇಲಿತ್ತು. ರಕ್ತನಿಧಿಯ ಹಳೆಯ ಕೀಲಿಯ ಅವಧಿ ಮುಗಿದಿತ್ತೆಂದು ಅವಳು ಹೋದ ಸೋಮವಾರವಷ್ಟೇ ಹೊಸದು ಮಾಡಿದ್ದಳು. ಮರುದಿನದಿಂದಲೇ ಕೆಂಪು. ಯಂತ್ರದ ದಾಖಲೆ ತೆರೆದು ನೋಡಿದರೆ ಇಂಗ್ಲಿಷಿನಲ್ಲಿ ಉದ್ದನೆಯ ಸಾಲು. ಅದರಲ್ಲಿ 'ನಾಟ್ ವ್ಯಾಲಿಡ್' ಎಂಬಷ್ಟೇ ಅವಳ ಕಣ್ಣಿಗೆ ಬಿದ್ದಿತ್ತು. ಮಾನ್ಯವಲ್ಲ. ಅಷ್ಟು ಸಾಕಾಯಿತು. ಸಹಿ ಮಾನ್ಯವಲ್ಲದಿದ್ದರೆ ಕೀಲಿಯೇ ಕೆಟ್ಟಿರಬೇಕು. ನೋಟ್‌ಬುಕ್ಕಿನಲ್ಲಿ 'ನಾಟ್ ವ್ಯಾಲಿಡ್' ಎಂದು ಬರೆದು, ಅಡಿಗೆರೆ ಎಳೆದು, ಹೊಸ ಕೀಲಿ ಮಾಡಿದಳು. ಪೆನ್‌ಡ್ರೈವ್ ಹಿಡಿದು ಎಲ್ಲ ಯಂತ್ರಗಳಿಗೂ ನಡೆದುಹೋಗಿ ಹಾಕಿ ಬಂದಳು. ಮರುದಿನ ಕೆಂಪು. ಮತ್ತೆ ಕೀಲಿ, ಮತ್ತೆ ನಡಿಗೆ. ಬುಧವಾರದ ಹೊತ್ತಿಗೆ ಮೂರು ಕೀಲಿಗಳಾಗಿದ್ದವು. ಅವಳ ಎಡಮಂಡಿ ಊದಿತ್ತು.

ಬುಧವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಕೋಣೆಯ ಬಾಗಿಲು ಮುಂದೆ ಮಾಡಿ, ಅವಳು ಸೆಟ್ಟಿಂಗ್ಸ್ ಕಡತ ತೆರೆದು ಭಾವಮೈದನ ಮೊದಲನೆಯ ಸಾಲನ್ನು ಬರೆದಳು. ಎರಡನೆಯದನ್ನೂ ಬರೆದಳು. ಉಳಿಸಲು ಇನ್ನು ಒಂದು ಗುಂಡಿ ಒತ್ತಿದರೆ ಆಯಿತು. ಕುರ್ಚಿ ಉಳಿಯುತ್ತದೆ, ಮಂಡಿಯೂ ಉಳಿಯುತ್ತದೆ. ಶೀತಲ ಕೋಣೆಯಲ್ಲಿ ಕೂತು ಅಂಕಿ ಬರೆಯುವುದು ಕೀಳು ಕೆಲಸವೇನಲ್ಲ. ಆದರೆ ಅಲ್ಲಿ ಯೋಚಿಸುವಂಥದ್ದು ಏನೂ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ಐವತ್ತು ದಾಟಿದ ಮೇಲೆ ಸಿಕ್ಕ ಈ ಯೋಚಿಸುವ ಕೆಲಸ ಅವಳಿಗೆ ಎಷ್ಟು ಹಿಡಿಸಿತ್ತೆಂಬುದನ್ನು ಅವಳು ಗಂಡನ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಪರದೆಯ ಮೇಲೆ ತಾನು ಬರೆದದ್ದನ್ನೇ ಮತ್ತೊಮ್ಮೆ ಓದಿದಳು. 'ನಂಬಿಕಸ್ಥ, ಹೌದು' ಎಂದಿತ್ತು ಮೊದಲನೆಯ ಸಾಲು.

ಅವಳು ಕಣ್ಣು ಮುಚ್ಚಿ, "ದೇವರೇ, ತಿಳಿಯದೆ ಇದ್ದದ್ದನ್ನ ತಿಳಿದಿದೆ ಅಂತ ಬರೆಯೋ ಬುದ್ಧಿ ಮಾತ್ರ ಕೊಡಬೇಡಪ್ಪ," ಎಂದಳು. ಆಮೇಲೆ ಎರಡೂ ಸಾಲು ಅಳಿಸಿದಳು. ಬೇರೆ ಏನೂ ತೋಚದೆ, ಯಂತ್ರಗಳ ದಾಖಲೆಯಿಂದ ಆ ಇಂಗ್ಲಿಷ್ ಸಾಲುಗಳನ್ನೆಲ್ಲ ಒಂದು ಹಾಳೆಗೆ ಮುದ್ರಿಸಿಕೊಂಡು ಚೀಲಕ್ಕೆ ಹಾಕಿಕೊಂಡಳು.

ಸಂಜೆ ಮನೆಯಲ್ಲಿ ಗಂಡ ಕಾಲು ಚಾಚಿ ಕುಳಿತು ಯಾರದೋ ವ್ಯಾಕರಣ ಪುಸ್ತಕದ ಕರಡು ತಿದ್ದುತ್ತಿದ್ದ. ಅವಳು ಹಾಳೆಯನ್ನು ಅವನ ಮುಂದೆ ಹಿಡಿದಳು.

"ಇದೇನೇ?"

"ನನ್ನ ಹಣೆಬರಹ. ಓದಿ."

"ಹಣೆಬರಹಾನೂ ಇಂಗ್ಲಿಷ್‌ನಲ್ಲೇ ಬರೆದಿದ್ದಾನಲ್ಲ," ಎಂದು ಅವನು ಪೆನ್ಸಿಲು ಕೈಗೆತ್ತಿಕೊಂಡ. ಅರ್ಥ ತಿಳಿಯಲೆಂದು ಓದುವುದು ಅವನಿಗೆ ಎಂದೋ ಮರೆತುಹೋಗಿತ್ತು. ಅಕ್ಷರ ಬಿಟ್ಟುಹೋಗಿದೆಯೇ ಎಂದು ಓದುವುದಷ್ಟೇ ಗೊತ್ತು. ಪೆನ್ಸಿಲಿನ ತುದಿ ಪ್ರತಿ ಪದದ ಮೇಲೂ ಒಂದು ಕ್ಷಣ ನಿಂತು ಮುಂದೆ ಹೋಯಿತು.

"ಇಲ್ಲಿ 'ಯೆಟ್' ಅಂತಿದೆ," ಎಂದ.

"ಎಲ್ಲಿ?"

"ಇಲ್ಲೇ. ನಾಟ್ ವ್ಯಾಲಿಡ್ ಯೆಟ್. ಕೆಳಗಿನ ಸಾಲಲ್ಲೂ ಇದೆ. ಎಲ್ಲಾ ಸಾಲಲ್ಲೂ ಇದೆ. ಯೆಟ್ ಅಂದ್ರೆ ಇನ್ನೂ ಅಂತ ತಾನೆ?"

"ಹೂಂ."

"ಮಾನ್ಯ ಅಲ್ಲ ಅಂತ ಇಲ್ಲ ಕಣೆ ಇದರಲ್ಲಿ. ಇನ್ನೂ ಮಾನ್ಯ ಆಗಿಲ್ಲ ಅಂತಿದೆ. ನಮ್ಮ ಹಿರೀಮಗಳಿಗೆ ಮದುವೆ ಆಗಲ್ಲ ಅನ್ನೋದಕ್ಕೂ ಇನ್ನೂ ಆಗಿಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ ಅಂತ ನೀನೇ ಜಗಳ ಆಡಿದ್ದೆ, ನಿಮ್ಮಕ್ಕನ ಹತ್ರ." ಪೆನ್ಸಿಲು ಮುಂದೆ ಸರಿಯಿತು. "ಪಕ್ಕದಲ್ಲಿ ಕಂಸದೊಳಗೆ ಹೊತ್ತೂ ಹಾಕಿದ್ದಾರೆ. ಇನ್ನು ಐದು ನಿಮಿಷ ಹನ್ನೆರಡು ಸೆಕೆಂಡು. ಇದರಲ್ಲಿ ಎಂಟು ನಿಮಿಷ. ಇದರಲ್ಲಿ ಎರಡು. ಅಷ್ಟು ಹೊತ್ತು ಕಾದ್ರೆ ಆಗುತ್ತೆ ಅಂತ ಪಾಪ, ಮರ್ಯಾದೆಯಿಂದಾನೇ ಹೇಳ್ತಿದೆ."

ಕಂಸದೊಳಗಿನ ಅಂಕಿಗಳನ್ನು ಅವಳು ಯಂತ್ರದ ಒಳಗಿನ ಏನೋ ಲೆಕ್ಕವೆಂದು ಬಿಟ್ಟಿದ್ದಳು. ಈಗ ಹಾಳೆಯನ್ನು ಕಿತ್ತುಕೊಂಡು ನೋಡಿದಳು. ಸಹಿ ಹಾಕಿದ್ದು ಎಂಟೂವರೆಗೆ. ಆ ಯಂತ್ರಗಳಿಗೆ ಎಂಟೂವರೆ ಇನ್ನೂ ಆಗಿಯೇ ಇಲ್ಲ. ಮುಂದೆ ಯಾವಾಗಲೋ ಹಾಕಲಿರುವ ಸಹಿಯನ್ನು ಈಗಲೇ ತೋರಿಸಿದರೆ ಯಾರು ತಾನೆ ಒಪ್ಪುತ್ತಾರೆ? ಕೀಲಿ ಕೆಟ್ಟಿರಲಿಲ್ಲ. ಗಡಿಯಾರ ಹಿಂದಿತ್ತು.

ಗಡಿಯಾರವನ್ನು ಹಿಂದಿಟ್ಟದ್ದು ಅವಳೇ.

ಹೊಸ ಕೀಲಿ ಮಾಡಿದ ಆ ಸೋಮವಾರವೇ ಅವಳ ಮೇಜಿನ ಮೇಲೆ ಒಂದು ಚೀಟಿ ಬಂದಿತ್ತು. 'ಗಡಿಯಾರ ಹದಿನೈದು ನಿಮಿಷ ಮುಂದಿದೆ. ಹಿಂದಕ್ಕೆ ತಿರುಗಿಸಿ.' ಕೆಳಗೆ ದೊಡ್ಡ ಡಾಕ್ಟರ ಸಹಿ, ತಾರೀಖು, ದುಂಡನೆಯ ಮೊಹರು. ದೊಡ್ಡ ಯಂತ್ರ ಎಂದು ಎಲ್ಲರೂ ಕರೆಯುವ ಸರ್ವರಿಗೆ ಹೊರಗಿನ ಸಂಪರ್ಕವಿಲ್ಲ. ಅದರ ಸಮಯವನ್ನು ಕೈಯಿಂದಲೇ ಇಡಬೇಕು. ಅದು ಹೇಳಿದ ಸಮಯವೇ ಉಳಿದ ಯಂತ್ರಗಳಿಗೆಲ್ಲ ಸಮಯ. ಅವಳ ಮೇಜಿನದಕ್ಕೆ ಮಾತ್ರ ಸಮಯ ಹೊರಗಿನಿಂದ ಬರುತ್ತದೆ. ಅವಳು ದೊಡ್ಡ ಯಂತ್ರದ ಮುಂದೆ ನಿಂತು ತನ್ನ ಕೈಗಡಿಯಾರ ನೋಡಿಕೊಂಡಿದ್ದಳು. ಎರಡೂ ಒಂದೇ ಸಮಯ ತೋರಿಸುತ್ತಿದ್ದವು. ಒಂದು ಗಳಿಗೆ ಅನುಮಾನಿಸಿದಳು. ಆದರೆ ಕೈಗಡಿಯಾರಕ್ಕೆ ಸಹಿ ಇರಲಿಲ್ಲ, ಚೀಟಿಗೆ ಇತ್ತು. ಹದಿನೈದು ನಿಮಿಷ ಹಿಂದಕ್ಕೆ ತಿರುಗಿಸಿ, ಚೀಟಿಯನ್ನು ಕಡತಕ್ಕೆ ಸೇರಿಸಿದಳು.

"ಅಷ್ಟೇ ತಾನೆ?" ಎಂದ ಗಂಡ ಎಲ್ಲ ಕೇಳಿ. "ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಸರಿ ಮಾಡ್ಬಿಡು. ಎಲ್ಲಾ ಹಸಿರಾಗುತ್ತೆ. ಕುರ್ಚಿ ಉಳೀತು."

"ರಕ್ತದ ಚೀಲದ ಚೀಟಿ ಮೇಲೆ ಸಮಯ ಅಚ್ಚಾಗೋದೂ ಆ ಗಡಿಯಾರದಿಂದಾನೇ ರೀ. ಹತ್ತು ದಿನದ ಚೀಟಿ ಎಲ್ಲಾ ತಪ್ಪು."

"ಹದಿನೈದು ನಿಮಿಷಕ್ಕೆ ಯಾರ ಜೀವ ಹೋಗುತ್ತೆ?"

"ಯಾರದೂ ಹೋಗಲ್ಲ. ಒಂದು ಕಾಲು ಗಂಟೆ ಮೊದಲೇ ಅವಧಿ ಮುಗೀತು ಅಂತ ತೋರಿಸುತ್ತೆ, ಅಷ್ಟೇ. ಆದ್ರೂ ತಪ್ಪು ತಪ್ಪೇ ತಾನೆ?"

"ನಮ್ಮಲ್ಲಾದ್ರೆ ಪುಸ್ತಕದ ಕೊನೇಲಿ ತಪ್ಪು ಒಪ್ಪು ಅಂತ ಒಂದು ಹಾಳೆ ಅಂಟಿಸ್ತೀವಿ. ಯಾರೂ ಓದಲ್ಲ."

"ನಮ್ಮಲ್ಲಿ ಓದ್ತಾರೆ," ಎಂದು ಅವಳು ಊಟಕ್ಕೆ ತಟ್ಟೆ ಹಾಕಲು ಎದ್ದಳು.

ಗುರುವಾರ ಬೆಳಗ್ಗೆ ಎಂಟಕ್ಕೆ ಅವಳು ದೊಡ್ಡ ಯಂತ್ರದ ಮುಂದೆ ನಿಂತಿದ್ದಳು. ಅದರಲ್ಲಿ ಏಳೂ ನಲವತ್ತೈದು. ಮುಟ್ಟಲಿಲ್ಲ. ಎಡಗಡೆಯ ತಟ್ಟೆಗೆ ಹೋದ ಚೀಲವನ್ನು, ಅದನ್ನು ತೆಗೆದವರು ಬಂದು ನೋಡುವ ತನಕ ಮುಟ್ಟಬಾರದೆಂಬುದು ನಿಯಮ. ಎಂಟೂ ಕಾಲಿಗೆ ದೊಡ್ಡ ಡಾಕ್ಟರು ಬಂದರು. ಅವಳು ಕಡತದಿಂದ ಚೀಟಿ ತೆಗೆದು ಅವರೆದುರು ಇಟ್ಟಳು.

ಡಾಕ್ಟರು ಓದಿದರು. "ಇದು ವಾಚ್‌ಮನ್‌ಗೆ ಬರೆದದ್ದಮ್ಮ. ರಕ್ತ ಕೊಟ್ಟವರು ಮಲಗೋ ಕೋಣೇಲಿ ಗೋಡೆ ಗಡಿಯಾರ ಮುಂದೆ ಓಡ್ತಿತ್ತು. ಇವತ್ತಿಗೂ ಓಡ್ತಿದೆ, ಏನು ಸೋಮಾರಿ ಇವನು ಅಂತ ನಿನ್ನೆ ತಾನೆ ಬೈದೆ ಅವನಿಗೆ."

"ಚೀಟಿ ನನ್ನ ಮೇಜಿಗೆ ಬಂತು ಸರ್."

"ಇಲ್ಲಿ ಚೀಟಿ ಅಂದ್ರೆ ಎಲ್ಲಾ ನಿಮ್ಮ ಮೇಜಿಗೇ ಬರುತ್ತಲ್ಲ. ನೀವು ಒಂದು ಮಾತು ಕೇಳಬಾರದಿತ್ತಾ?"

"ಸಹಿ ನಿಮ್ಮದೇ ಸರ್. ಹಿಡಿದು ನೋಡಿದೆ."

"ಸಹಿ ನನ್ನದೇ." ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾರಿಗೆ ಅಂತ ನಾನು ಬರೆದಿಲ್ಲ. ಯಾವ ಗಡಿಯಾರ ಅಂತಾನೂ ಬರೆದಿಲ್ಲ."

ಸಹಿ ಸರಿಯಿದ್ದರೆ ಇದು ಇಂಥವರದು ಎಂದು ಗೊತ್ತಾಗುತ್ತದೆ. ನಮಗೆ ಬರೆದದ್ದೇ, ಸರಿಯಾದದ್ದೇ ಎಂದು ಗೊತ್ತಾಗುವುದಿಲ್ಲ. ಇಪ್ಪತ್ತೈದು ವರ್ಷದಲ್ಲಿ ಅವಳಿಗೆ ಇದು ಹೊಳೆದಿರಲಿಲ್ಲ.

ರಕ್ತನಿಧಿಯಲ್ಲಿ ತಪ್ಪಿನ ಪುಸ್ತಕವೆಂದು ಒಂದಿದೆ. ಪುಟಗಳಿಗೆ ಸಂಖ್ಯೆ ಅಚ್ಚಾಗಿದೆ, ಹರಿಯುವಂತಿಲ್ಲ. ಚೀಟಿಯಕ್ಕ ಅದರಲ್ಲಿ ನಡೆದದ್ದನ್ನೆಲ್ಲ ಬರೆದಳು. ಕೀಲಿಯ ಬಗ್ಗೆ ತಾನು ತಪ್ಪು ತಿಳಿದದ್ದು, 'ಯೆಟ್' ಎಂಬ ಪದ ಬಿಟ್ಟು ಓದಿದ್ದು, ಕೈಗಡಿಯಾರ ನೋಡಿಯೂ ಕೇಳದೆ ಇದ್ದದ್ದು. ಅವಳು ಸಹಿ ಹಾಕಿದಳು, ಪಕ್ಕದಲ್ಲಿ ಡಾಕ್ಟರೂ ಹಾಕಿದರು. ಆಮೇಲೆ ಇಬ್ಬರೂ ಹೋಗಿ ದೊಡ್ಡ ಯಂತ್ರದ ಸಮಯ ಸರಿಮಾಡಿದರು. ಎಂಟೂವರೆಗೆ ಅವಳು ಎಂದಿನಂತೆ ಉಗ್ರಾಣದ ಪಟ್ಟಿಗೆ ಸಹಿ ಹಾಕಿದಳು.

ಎಂಟೂ ನಲವತ್ತೊಂದಕ್ಕೆ ಸಿಸ್ಟರು ಒದ್ದೆ ಕೂದಲನ್ನು ಗಂಟು ಹಾಕಿಕೊಳ್ಳುತ್ತ ಓಡಿ ಬಂದು ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಿದಳು. ಬೆಳಗ್ಗೆ ಬರುವಾಗ ಮಾತ್ರ ಒತ್ತಬೇಕಾದ ಯಂತ್ರ ಅದು. ಹನ್ನೊಂದು ನಿಮಿಷ ತಡ ಎಂದು ಅದು ಹೇಳಿತು. ಅವಳು ಒರೆಸಿ ಮತ್ತೊಮ್ಮೆ ಒತ್ತಿದಳು. ಮತ್ತೆ ಅದೇ.

"ಅಕ್ಕಾ! ಯಾಕಕ್ಕ ತೆಗೆದ್ಬಿಟ್ರಿ?"

"ಏನನ್ನ?"

"ಆ ಹದಿನೈದು ನಿಮಿಷಾನ! ಅತ್ತೆಗೆ ಔಷಧಿ ಕೊಟ್ಟು, ಮಗೂನ ಸ್ಕೂಲಿಗೆ ಬಿಟ್ಟು ಬರ್ತೀನಿ ಅಂತ ನೋಡಿ, ಪಾಪ ಅಂತ ನೀವೇ ಹಿಂದಿಟ್ಟಿದ್ದೀರಿ ಅಂದ್ಕೊಂಡಿದ್ವಿ. ನಿಮ್ಮ ಹೆಸರು ಹೇಳಿ ದಿನಾ ಕೈ ಮುಗೀತಿದ್ವಿ ಎಲ್ಲಾರೂ."

"ಎಲ್ಲಾರಿಗೂ ಗೊತ್ತಿತ್ತಾ?"

"ಒಳ್ಳೇದು ಮಾಡಿದೋರನ್ನ ಬಾಯ್ಬಿಟ್ಟು ಕೇಳ್ತಾರೇನಕ್ಕ?"

ಹತ್ತು ದಿನ ಇಡೀ ರಕ್ತನಿಧಿಗೆ ಗಡಿಯಾರ ಹಿಂದಿದೆಯೆಂದು ತಿಳಿದಿತ್ತು. ತಿಳಿಯದವರು ಮೂವರೇ, ಅವಳು, ದೊಡ್ಡ ಡಾಕ್ಟರು ಮತ್ತು ಆಡಳಿತಾಧಿಕಾರಿ.

ಒಂಬತ್ತಕ್ಕೆ ಆಡಳಿತಾಧಿಕಾರಿ ತಮ್ಮ ಪರದೆ ನೋಡಿ ಕೂತಲ್ಲಿಂದಲೇ ಕೂಗಿದರು. "ಇಪ್ಪತ್ತೂ ಹಸಿರು! ಬನ್ನಿ ಬನ್ನಿ. ಏನ್ ಮಾಡಿದ್ರಿ? ಆ ಎರಡು ಸಾಲು ಹಾಕಿದ್ರಾ?"

ಚೀಟಿಯಕ್ಕ ತಪ್ಪಿನ ಪುಸ್ತಕವನ್ನು ಅವರ ಮುಂದೆ ತೆರೆದಿಟ್ಟಳು. ಓದುತ್ತ ಓದುತ್ತ ಅವರ ಮುಖದ ಬಣ್ಣ ಇಳಿಯಿತು.

"ಸರಿ ಆಯ್ತಲ್ಲಮ್ಮ. ಆದ ಮೇಲೆ ಬರೆಯೋದ್ಯಾಕೆ? ನಾಳೆ ತಪಾಸಣೆ ಇಟ್ಕೊಂಡು?"

"ಬರೆದಾಯ್ತು ಸರ್."

"ಸುಮ್ಮನೆ ಆ ಎರಡು ಸಾಲು ಹಾಕಿದ್ರೆ ಈ ಗೋಳೇ ಇರ್ತಿರಲಿಲ್ಲ."

"ಇರ್ತಿರಲಿಲ್ಲ ಸರ್. ಚುಕ್ಕೆ ಹಸಿರಾಗ್ತಿತ್ತು. ಗಡಿಯಾರ ಹಾಗೇ ಇರ್ತಿತ್ತು. ಚೀಟಿ ತಪ್ಪು ತಪ್ಪಾಗೇ ಅಚ್ಚಾಗ್ತಾ ಇರ್ತಿತ್ತು. ನಾಳೆ ತಪಾಸಣೆಯವರು ತಮ್ಮ ಕೈಗಡಿಯಾರ ನೋಡ್ಕೊಳ್ತಿದ್ರು."

ಆಡಳಿತಾಧಿಕಾರಿ ಪುಸ್ತಕ ಮುಚ್ಚಿದರು. "ಹೊರಗಿನವರ ವಿಷಯ ನಾಳೆ ಆಗೋದು ನೋಡಿ ಹೇಳ್ತೀನಿ," ಎಂದರು. ಆಮೇಲೆ ಎದ್ದು ಹೊರಗೆ ಹೋಗಿ, ಸೂಚನಾ ಫಲಕದ ಮೆಚ್ಚುಗೆಯ ಕಾಗದವನ್ನು ತಾವೇ ಬಿಚ್ಚಿ, ನಾಲ್ಕು ಗುಂಡುಪಿನ್ನುಗಳನ್ನೂ ಜೋಪಾನವಾಗಿ ಜೇಬಿಗೆ ಹಾಕಿಕೊಂಡರು.

ಇಡೀ ದಿನ ಚೀಟಿ ತಿದ್ದುವುದರಲ್ಲಿ ಕಳೆಯಿತು. ಹತ್ತು ದಿನದಲ್ಲಿ ಮುನ್ನೂರ ಎಂಬತ್ತಾರು ಚೀಲಗಳು. ಅವುಗಳಲ್ಲಿ ಇನ್ನೂ ಇಲ್ಲೇ ಇದ್ದವು ನೂರ ಅರವತ್ತಮೂರು. ಒಂದೊಂದನ್ನೂ ತಂದು, ಸರಿಯಾದ ಸಮಯದ ಚೀಟಿ ಅಂಟಿಸಿ, ಚೀಟಿಯಕ್ಕ ಸಹಿ ಹಾಕಬೇಕು. ಹೊರಗೆ ಹೋದ ಚೀಲಗಳಿಗಾಗಿ ಆಸ್ಪತ್ರೆಗಳಿಗೆ ಫೋನು. ಸಿಸ್ಟರು ಮುಖ ಊದಿಸಿಕೊಂಡೇ ಚೀಲಗಳನ್ನು ತಂದುಕೊಟ್ಟಳು. ಫೋನು ಮಾಡಲು ಕುಳಿತ ಲ್ಯಾಬಿನವನು ಎದುರಿಗೆ ಕೇಳುವಂತೆ, "ಕೆಲವರಿಗೆ ಒಳ್ಳೇತನ ಹತ್ತು ದಿನಕ್ಕಿಂತ ಜಾಸ್ತಿ ಇಟ್ರೆ ಕೆಟ್ಟುಹೋಗುತ್ತೆ," ಎಂದ. ಚೀಟಿಯಕ್ಕ ಇನ್ನೊಂದು ಚೀಟಿ ಅಂಟಿಸಿದಳು. ಅವಳು ಎಪ್ಪತ್ತನಾಲ್ಕನೆಯ ಚೀಲದಲ್ಲಿದ್ದಳು. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ.

ಶುಕ್ರವಾರ ಬಂದ ತಪಾಸಣೆಯವರು ಒಬ್ಬ ಸಣ್ಣ ದೇಹದ ಹೆಂಗಸು. ಕಂಪ್ಯೂಟರು ಪರದೆಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಕುಳಿತೊಡನೆ, "ತಪ್ಪಿನ ಪುಸ್ತಕ ಕೊಡಿ," ಎಂದರು. ಕೊನೆಯ ಪುಟ ತೆರೆದು ಓದಿದರು. ಮತ್ತೆ ಮೊದಲಿನಿಂದ ಓದಿದರು. ಆಡಳಿತಾಧಿಕಾರಿ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

"ಇದನ್ನ ಬರೆದವರು ಯಾರು?"

"ನಾನಮ್ಮ," ಎಂದಳು ಚೀಟಿಯಕ್ಕ.

"ಗಡಿಯಾರ ತಪ್ಪಾಗಿದೆ ಅಂತ ಹೇಗೆ ಗೊತ್ತಾಯ್ತು? ಯಾರಾದ್ರೂ ದೂರು ಕೊಟ್ರಾ?"

ಸಿಸ್ಟರು ಗೋಡೆಯ ಕಡೆ ನೋಡಿದಳು. ಲ್ಯಾಬಿನವನು ನೆಲ ನೋಡಿದ.

"ಯಾರೂ ಕೊಡಲಿಲ್ಲ. ಯಂತ್ರಗಳೇ ಪಟ್ಟಿ ತಗೊಳ್ಳಲ್ಲ ಅಂದ್ವು. ಸಹಿ ಹಾಕಿದ ಸಮಯ ಇನ್ನೂ ಬಂದಿಲ್ಲ ಅಂತ. ನನಗೆ ಅದು ಅರ್ಥ ಆಗೋಕೆ ಒಂದು ವಾರ ಹಿಡೀತು."

"ಪರೀಕ್ಷೆ ಬೇಡ ಅಂತ ತೆಗೆದುಹಾಕಬಹುದಿತ್ತಲ್ಲ? ಎಷ್ಟೋ ಕಡೆ ಹಾಗೇ ಮಾಡಿರ್ತಾರೆ."

ಚೀಟಿಯಕ್ಕ ಆಡಳಿತಾಧಿಕಾರಿಯ ಕಡೆ ನೋಡದಂತೆ ಎಚ್ಚರ ವಹಿಸಿದಳು. "ತೆಗೆಯಬಹುದಿತ್ತಮ್ಮ. ಬರೆದೂ ನೋಡಿದೆ. ಅಳಿಸಿದೆ."

ತಪಾಸಣೆಯವರು ತಲೆಯಾಡಿಸಿದರು, ಹೊಗಳಲಿಲ್ಲ. ಮಧ್ಯಾಹ್ನದ ತನಕ ಚೀಲಗಳನ್ನೂ ಚೀಟಿಗಳನ್ನೂ ನೋಡಿದರು. ಹೋಗುವ ಮುಂಚೆ ವರದಿ ಬರೆದುಕೊಟ್ಟರು. ಪರವಾನಗಿ ನವೀಕರಿಸಲಾಗಿದೆ. ಜೊತೆಗೆ ಮೂರು ಟಿಪ್ಪಣಿ. ಸೂಚನೆಯ ಚೀಟಿಗಳಲ್ಲಿ ಯಾರಿಗೆ, ಯಾವುದರ ಬಗ್ಗೆ ಎಂದು ಕಡ್ಡಾಯವಾಗಿ ಬರೆಯಬೇಕು. ಯಂತ್ರಗಳ ಸಹಿ ಮತ್ತು ಸಮಯದ ಪರೀಕ್ಷೆಯನ್ನು ತಮ್ಮ ಅನುಮತಿಯಿಲ್ಲದೆ ಸಡಿಲಿಸಕೂಡದು, ಈಗ ನೋಡಿಕೊಳ್ಳುತ್ತಿರುವವರನ್ನು ಬದಲಿಸುವುದಿದ್ದರೂ ಮೊದಲು ತಿಳಿಸಬೇಕು. ಈ ಕೆಲಸ ಒಬ್ಬರಿಗೆ ಮಾತ್ರ ಗೊತ್ತಿರುವುದು ದೋಷ, ಇನ್ನೊಬ್ಬರಿಗೆ ಒಂದು ತಿಂಗಳೊಳಗೆ ಕಲಿಸತಕ್ಕದ್ದು.

ಸಂಜೆ ಆಡಳಿತಾಧಿಕಾರಿ ಅವಳಿಗೆ ಎರಡು ಕಾಗದ ಕೊಟ್ಟರು. ವಿಚಾರಿಸದೆ ಗಡಿಯಾರ ತಿರುಗಿಸಿದ್ದಕ್ಕೆ ಎಚ್ಚರಿಕೆಯ ಪತ್ರ ಒಂದು. ಹೊರಗಿನ ಸಂಸ್ಥೆಯ ಪ್ರಸ್ತಾಪ ಕೈಬಿಡಲಾಗಿದೆ ಎಂಬ ಆದೇಶ ಇನ್ನೊಂದು. ಅವಳು ಎರಡಕ್ಕೂ ತಲುಪಿತು ಎಂದು ಬರೆದುಕೊಟ್ಟಳು.

"ಭಾವಮೈದನಿಗೆ ಏನಂತ ಹೇಳ್ಲಿ?" ಎಂದು ಅವರು ಅವಳನ್ನೇ ಕೇಳಿದರು.

"ಇನ್ನೂ ಆಗಿಲ್ಲ ಅನ್ನಿ ಸರ್," ಎಂದಳು ಅವಳು.

ಕಲಿಯಲು ಯಾರು ಬರುತ್ತೀರಿ ಎಂದು ಕೇಳಿದಾಗ ಮೊದಲಿನಂತೆಯೇ ಯಾರೂ ಮುಂದೆ ಬರಲಿಲ್ಲ. ಚೀಟಿಯಕ್ಕ ಸಿಸ್ಟರ ಹೆಸರು ಕೊಟ್ಟಳು. ಕಲಿಯುವವರಿಗೆ ಒಂದು ತಿಂಗಳು ಬೆಳಗಿನ ಪಾಳಿ ಒಂಬತ್ತಕ್ಕೆ ಶುರುವಾಗುತ್ತದೆ ಎಂದು ಆಡಳಿತಾಧಿಕಾರಿಯಿಂದ ಬರೆಸಿಕೊಂಡೂ ಬಂದಳು.

ಸೋಮವಾರ ಒಂಬತ್ತಕ್ಕೆ ಐದು ನಿಮಿಷವಿರುವಾಗಲೇ ಸಿಸ್ಟರು ಬಂದು ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಮುಖದ ಊತ ಅರ್ಧ ಇಳಿದಿತ್ತು. ಪರದೆಯ ಮೇಲೆ ಸೆಟ್ಟಿಂಗ್ಸ್ ಕಡತ ತೆರೆದಿತ್ತು.

"ಇದೇನಕ್ಕ, ಸಾಲು ಸಾಲಿಗೂ ಬೇಡ, ಬೇಡ, ನಂಬಬೇಡ? ಯಂತ್ರಕ್ಕೆ ಇಷ್ಟೊಂದು ಅನುಮಾನ ಕಲಿಸಿದ್ರೆ ಅದು ಬಾಳೋದು ಹೇಗೆ?"

"ನಂಬೋಕೆ ಕಲಿಸೋದು ಕಣೆ ಇದು. ಯಾರನ್ನ, ಯಾವಾಗಿಂದ, ಯಾವಾಗಿನ ತನಕ ಅಂತ."

"ನಮ್ಮತ್ತೆಗೂ ಇಂಥದ್ದೊಂದು ಕಡತ ಇದ್ರೆ ಚೆನ್ನಾಗಿರ್ತಿತ್ತು."

"ಬರಿ. ಪೊಟ್ಟಣ ಸಿಗದಿದ್ರೆ ಮೂರು ಸಲ ಕೇಳು ಅನ್ನೋ ಸಾಲು. ನಾನು ಹೇಳಲ್ಲ, ಪುಸ್ತಕ ನೋಡಿ ಬರಿ."

ಸಿಸ್ಟರು ಪುಸ್ತಕ ತೆರೆದು, ಒಂದು ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಹನ್ನೆರಡು ನಿಮಿಷ ಹಿಡಿಯಿತು. ಬರೆದು ಮುಗಿಸಿ, ಕೈ ಕೊಡವಿ, ಅಕ್ಕನ ಮುಖ ನೋಡಿದಳು. ಚೀಟಿಯಕ್ಕ ಪರದೆಯ ಹತ್ತಿರಕ್ಕೆ ಬಗ್ಗಿ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ಯಾವುದನ್ನೂ ಬಿಡದೆ ಓದಿದಳು.

"ಕೊನೇಲಿ ಅರ್ಧವಿರಾಮ ಹಾಕು," ಎಂದಳು.